ಹೆಂಡತಿ ಮಕ್ಕಳಿಗೆ ಜಾಮೀನು

ಹುಮನಾಬಾದಿನ ಒಂದು ಝೆರಾಕ್ಸ್ ಅಂಗಡಿ. ಮಧ್ಯಾಹ್ನದ ಹೊತ್ತು. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನನ್ನ ಮುಂದೆ ಬುರ್ಖಾ ತೊಟ್ಟ ಒಬ್ಬ ಹೆಣ್ಣುಮಗಳು, ಅವಳ ಅತ್ತೆ, ನಾಲ್ಕು ವರ್ಷದ ಒಬ್ಬ ಹುಡುಗ ನಿಂತಿದ್ದರು. ಆಕೆ ಚೀಲದಿಂದ ತೆಗೆದುಕೊಟ್ಟ ನಿಕಾಹ್‌ನಾಮೆಯನ್ನು ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ, "ಇದಕ್ಕ ಲ್ಯಾಮಿನೇಷನ್ ಮಾಡ್ಸು ಅಂತ ಯಾರು ಹೇಳ್ಯಾರ್ರಿ ಅಕ್ಕಾ? ಪ್ಲಾಸ್ಟಿಕ್ ಮ್ಯಾಲ ಶಿಕ್ಕಾ ಹೆಂಗ ಹೊಡೀತಾರ?" ಎಂದರು. ಕಾಗದ ಹಾಳಾಗಬಾರದೆಂದು ಮದುವೆಯಾದ ವರ್ಷವೇ ಮಾಡಿಸಿ ಇಟ್ಟಿದ್ದರಂತೆ. ಜೋಪಾನ ಮಾಡಿದ್ದೇ ತಪ್ಪಾಗಿತ್ತು.

ಗಂಡ ಸೌದಿ ಅರೇಬಿಯದ ದಮ್ಮಾಮಿನಲ್ಲಿ ಏ.ಸಿ. ರಿಪೇರಿ ಮಾಡುತ್ತಾನೆ. ಮದುವೆಯಾದ ಮೇಲೆ ಎರಡು ಸಲ ಛುಟ್ಟಿಯ ಮೇಲೆ ಬಂದು ಹೋಗಿದ್ದಾನೆ. ಈಗ ಹೆಂಡತಿ, ಮಗನನ್ನು ಕರೆಸಿಕೊಳ್ಳಬೇಕೆಂದಿದ್ದಾನೆ. "ಈ ಹುಡ್ಗಗ ಅಪ್ಪ ಅಂದ್ರ ಮೊಬೈಲೇ ಅದರಿ" ಎಂದು ಅತ್ತೆ ನಕ್ಕರು. ಸೊಸೆ ನಗಲಿಲ್ಲ.

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಇಂಥ ಮನೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. 1973ರ ನಂತರ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆಗಳ ಕೆಲಸ ಜೋರಾದಾಗ ಹಳೆಯ ಹೈದರಾಬಾದ್ ಸಂಸ್ಥಾನದ ಊರುಗಳಿಂದ ಜನ ಹೊರಟರು. 1956ರ ನವೆಂಬರ್ 1ರವರೆಗೆ ಬೀದರ್ ಕೂಡ ಹೈದರಾಬಾದ್ ರಾಜ್ಯದಲ್ಲೇ ಇತ್ತು. ದಾರಿ, ಭಾಷೆ, ಬಂಧುತ್ವ ಎಲ್ಲವೂ ಆ ಕಡೆಗೇ. ಈಚಿನ ವರ್ಷಗಳಲ್ಲಿ ಇನ್ನೊಂದು ಗುಂಪು ಸೇರಿಕೊಂಡಿದೆ. ಬೀದರ್, ಭಾಲ್ಕಿ, ಬಸವಕಲ್ಯಾಣದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ, ಹೈದರಾಬಾದ್, ಪುಣೆ, ಬೆಂಗಳೂರುಗಳನ್ನು ಮುಟ್ಟಿ, ಅಲ್ಲಿಂದ ಅಮೆರಿಕ, ಕೆನಡಾ ಸೇರಿದವರು. ದಮ್ಮಾಮಿನ ಮೆಕ್ಯಾನಿಕ್‌ಗೂ ಡಲ್ಲಾಸಿನ ಇಂಜಿನಿಯರನಿಗೂ ಸಂಬಳದಲ್ಲಿ ಅಜಗಜಾಂತರ. ಆದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹೊತ್ತಿಗೆ ಇಬ್ಬರೂ ಒಂದೇ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ: ಇವಳು ನಿನ್ನ ಹೆಂಡತಿ, ಇವನು ನಿನ್ನ ಮಗ ಎಂಬುದಕ್ಕೆ ಏನು ಸಾಕ್ಷಿ? ಅವರ ಹೊಟ್ಟೆಬಟ್ಟೆಗೆ ಯಾರು ಹೊಣೆ?

ಈ ಹೊಣೆಗೇ 'ಸ್ಪಾನ್ಸರ್' ಎಂಬ ಹೆಸರು. ಕ್ರಿಕೆಟ್ ಪಂದ್ಯಕ್ಕೆ ದುಡ್ಡು ಕೊಡುವ ಕಂಪನಿಯನ್ನು ಕರೆಯುವ ಹೆಸರೂ ಇದೇ ಆದ್ದರಿಂದ ಅರ್ಥ ಸ್ವಲ್ಪ ಮಸುಕಾಗುತ್ತದೆ. ನಮ್ಮ ಭಾಗದ ಜನ ಬಳಸುವ 'ಜಾಮೀನು' ಇದಕ್ಕೆ ಹೆಚ್ಚು ಸರಿಯಾದ ಮಾತು. ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತವನು ಹೇಗೋ, ವೀಸಾಕ್ಕೆ ಜಾಮೀನು ನಿಂತವನೂ ಹಾಗೆಯೇ. ಬಂದವರು ಸರ್ಕಾರಕ್ಕೆ ಹೊರೆಯಾದರೆ ಅವನ ಕೊರಳಿಗೆ ಬರುತ್ತದೆ.

ಕಲ್ಯಾಣದಲ್ಲಿ ನಿಂತು ಈ ಮಾತು ಆಡುವಾಗ ಒಂದು ವಿಷಯ ನೆನಪಾಗದೆ ಇರದು. ಯಾರು ಯಾರಿಗೆ ಬಂಧು ಎಂಬ ಪ್ರಶ್ನೆಯನ್ನು ಸುಮಾರು 900 ವರ್ಷಗಳ ಹಿಂದೆ ಇದೇ ಊರಿನಲ್ಲಿ ಕುಳಿತು ಒಬ್ಬ ಪಂಡಿತ ಬಿಡಿಸಿದ್ದ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಹಕ್ಕಿನ ವ್ಯಾಜ್ಯಗಳು ಶತಮಾನಗಳ ಕಾಲ ಈ ಪುಸ್ತಕದ ಆಧಾರದ ಮೇಲೆ ತೀರ್ಮಾನವಾದವು. ಕೃತಿಯ ಕೊನೆಯಲ್ಲಿ ಅವನು ಕಲ್ಯಾಣದಂಥ ನಗರ ಇನ್ನೊಂದಿಲ್ಲವೆಂದು ಹೊಗಳಿಕೊಂಡಿದ್ದಾನೆ. ಇಂದು ಬಸ್ಸಿನಿಂದ ಇಳಿದವರು ಆ ವೈಭವವನ್ನು ಊಹಿಸಿಕೊಳ್ಳಬೇಕು, ಅಷ್ಟೇ.

ಮುಖ್ಯ ವಿಷಯ ಬೇರೆ. 'ಸಪಿಂಡ' ಎಂದರೆ ಯಾರು ಎಂಬುದಕ್ಕೆ ಶ್ರಾದ್ಧದಲ್ಲಿ ಪಿಂಡ ಇಡುವ ಸಂಬಂಧ ಎಂದು ಬಂಗಾಳದ ದಾಯಭಾಗ ಪಂಥ ಅರ್ಥ ಹೇಳಿತು. ವಿಜ್ಞಾನೇಶ್ವರ ಹಾಗೆ ಹೇಳಲಿಲ್ಲ. ಪಿಂಡವೆಂದರೆ ಶರೀರ, ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂದ. ಅಂದರೆ ನೆಂಟಸ್ತನ ಇರುವುದು ಮೈಯೊಳಗೆ. ಈ ಮಾತು ಇವತ್ತಿನ ವೀಸಾ ಕಚೇರಿಗಳಲ್ಲಿ ಇನ್ನೊಂದು ರೂಪದಲ್ಲಿ ಕೇಳಿಬರುತ್ತದೆ. ಡಿ.ಎನ್.ಎ. ಗುರುತಿನ ವಿಧಾನವನ್ನು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದಾಗ, ಮರುವರ್ಷ ಅದರ ಮೊದಲ ಬಳಕೆ ಆದದ್ದು ಕೊಲೆ ಪ್ರಕರಣದಲ್ಲಿ ಅಲ್ಲ, ವಲಸೆಯ ಪ್ರಕರಣದಲ್ಲಿ. ಘಾನಾದಿಂದ ಬಂದ ಹುಡುಗನೊಬ್ಬ ತಾನು ಹೇಳಿಕೊಂಡ ತಾಯಿಯ ಮಗನೇ ಹೌದೋ ಅಲ್ಲವೋ ಎಂದು ಬ್ರಿಟಿಷ್ ಅಧಿಕಾರಿಗಳು ತಕರಾರು ತೆಗೆದಿದ್ದರು. ರಕ್ತ ಪರೀಕ್ಷೆ ತಾಯಿಯ ಪರವಾಗಿ ಹೇಳಿತು, ಹುಡುಗ ಉಳಿದ. ಇಂದು ಜನನದ ಕಾಗದಪತ್ರ ಸಂಶಯಕ್ಕೆ ಎಡೆ ಮಾಡಿದರೆ ಅಮೆರಿಕದ ಕಾನ್ಸುಲೇಟ್ ಈ ಪರೀಕ್ಷೆಯನ್ನು ಸೂಚಿಸುವುದುಂಟು. ಖರ್ಚು ಅರ್ಜಿದಾರರದ್ದು.

ಆದರೆ ಮಿತಾಕ್ಷರದ ಕುಟುಂಬ ದೊಡ್ಡದು. ತಂದೆಯ ಕಡೆ ಏಳು ತಲೆ, ತಾಯಿಯ ಕಡೆ ಐದು ತಲೆಯವರೆಗೆ ಅದರ ಸಪಿಂಡತೆ ಹರಡುತ್ತದೆ. ವೀಸಾ ಅಧಿಕಾರಿಯ ಕುಟುಂಬ ಬಹಳ ಚಿಕ್ಕದು. ಗಂಡ, ಹೆಂಡತಿ, ಮದುವೆಯಾಗದ ಎಳೆಯ ಮಕ್ಕಳು. ಅಂಗಡಿಯಲ್ಲಿ ಮೊಮ್ಮಗನ ಕೈ ಹಿಡಿದು ನಿಂತಿದ್ದ ಆ ಅತ್ತೆ, ಅವನನ್ನು ನಾಲ್ಕು ವರ್ಷ ಸಾಕಿದವರು, ಈ ಲೆಕ್ಕದಲ್ಲಿ ಕುಟುಂಬದ ಹೊರಗೆ.

ಹೆಂಡತಿ ಎಂದರೆ ಯಾರು ಎಂಬ ಪ್ರಶ್ನೆಗೆ ಭಾರತೀಯರು ಜೈಲಿಗೆ ಹೋದ ಕಾಲವೂ ಇತ್ತು. 1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕದ ಕೇಪ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ಕೊಟ್ಟರು. ಊರಿನಿಂದ ಬಂದ ಹೆಂಡತಿಯನ್ನು ಒಳಗೆ ಬಿಡಿ ಎಂದು ಒಬ್ಬ ಭಾರತೀಯ ಕೇಳಿದ್ದ. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ಮದುವೆ ಇಲ್ಲಿ ಮದುವೆಯಲ್ಲ ಎಂದಿತು ಕೋರ್ಟು. ಒಂದೇ ಏಟಿಗೆ ಅಲ್ಲಿದ್ದ ಹಿಂದೂ, ಮುಸ್ಲಿಂ, ಪಾರ್ಸಿ ಹೆಂಡತಿಯರೆಲ್ಲ ಹೆಂಡತಿಯರಲ್ಲ ಎಂದಾಯಿತು. ಅದುವರೆಗೆ ಗಂಡಸರೇ ನಡೆಸುತ್ತಿದ್ದ ಸತ್ಯಾಗ್ರಹಕ್ಕೆ ಹೆಂಗಸರು ಇಳಿದದ್ದು ಈ ತೀರ್ಪಿನ ನಂತರ. ಕಸ್ತೂರಬಾ ಅದೇ ವರ್ಷ ಸೆಪ್ಟೆಂಬರಿನಲ್ಲಿ ಗಡಿ ದಾಟಿ ಬಂಧನಕ್ಕೊಳಗಾಗಿ ಮೂರು ತಿಂಗಳ ಕಠಿಣ ಶಿಕ್ಷೆ ಅನುಭವಿಸಿದರು. 1914ರ ಇಂಡಿಯನ್ ರಿಲೀಫ್ ಕಾಯ್ದೆ ಒಬ್ಬ ಹೆಂಡತಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಒಪ್ಪಿಕೊಂಡಿತು.

ಅದೇ ಹೊತ್ತಿಗೆ ಕೆನಡಾದಲ್ಲೂ ಇದೇ ಗೋಳು. ಅಲ್ಲಿ ನೆಲೆಸಿದ್ದ ಭಾಗ್ ಸಿಂಗ್, ಬಲವಂತ ಸಿಂಗ್ ಎಂಬ ಇಬ್ಬರು 1912ರ ಜನವರಿಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ವ್ಯಾಂಕೂವರಿಗೆ ಬಂದಿಳಿದಾಗ ಗಂಡಂದಿರಿಗೆ ಪ್ರವೇಶ ಸಿಕ್ಕಿತು, ಹೆಂಡತಿಯರಿಗೆ ವಾಪಸು ಹೋಗುವ ಆಜ್ಞೆಯಾಯಿತು. ಗಲಾಟೆಯಾದ ಮೇಲೆ 'ಕೃಪೆ' ಎಂಬ ಹೆಸರಿನಲ್ಲಿ ಬಿಟ್ಟರು. ಇದು ಹಕ್ಕಲ್ಲ, ಮುಂದಿನವರು ಕೇಳಬಾರದು ಎಂಬುದು ಅದರ ಅರ್ಥ. ಹೆಂಡತಿ, ಮಕ್ಕಳನ್ನು ಕರೆತರುವ ಅವಕಾಶ ಕಾನೂನಿನ ಮೂಲಕ ಸಿಕ್ಕಿದ್ದು 1919ರಲ್ಲಿ. ಇನ್ನು ಬ್ರಿಟನ್ನಿನದು ತೀರ ನಾಚಿಕೆಗೇಡಿನ ಕತೆ. 1979ರ ಜನವರಿಯಲ್ಲಿ, ಮದುವೆಯಾಗಲೆಂದು ಹೀಥ್ರೋ ವಿಮಾನ ನಿಲ್ದಾಣದಲ್ಲಿ ಬಂದಿಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರನ್ನು, ಆಕೆ ನಿಜವಾಗಿ ಅವಿವಾಹಿತೆಯೇ ಎಂದು ತಿಳಿಯಲು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಸುದ್ದಿ ಪತ್ರಿಕೆಯಲ್ಲಿ ಬಂದು ರಾದ್ಧಾಂತವಾದ ಬಳಿಕ ಆ ಪದ್ಧತಿ ನಿಂತಿತು.

ಹಳೆಯ ಮಾತು ಇರಲಿ. ದಮ್ಮಾಮಿಗೆ ಬರೋಣ.

ಕೊಲ್ಲಿ ದೇಶಗಳಲ್ಲಿ ದುಡಿಯುವವನೇ ಇನ್ನೊಬ್ಬರ ಜಾಮೀನಿನ ಮೇಲೆ ಇರುವವನು. ಕೆಲಸ ಕೊಟ್ಟ ಕಫೀಲ್ ಅವನ ಜಾಮೀನುದಾರ. ವಾಸದ ಪರವಾನಗಿ ಅಂದರೆ ಇಕಾಮಾ ಕಫೀಲನ ಮೂಲಕ. ಹೆಂಡತಿ ಮಕ್ಕಳು ಬಂದರೆ ಅವರ ಇಕಾಮಾ ಗಂಡನ ಇಕಾಮಾಕ್ಕೆ ಕಟ್ಟಿರುತ್ತದೆ. ಹಗ್ಗಕ್ಕೆ ಹಗ್ಗ ಗಂಟು ಹಾಕಿದಂತೆ. ಗಂಡನ ನೌಕರಿ ಹೋದರೆ ಹೆಂಡತಿಯ ವಾಸದ ಹಕ್ಕು, ಮಗನ ಶಾಲೆ ಎಲ್ಲವೂ ಜೊತೆಗೇ ಹೋಗುತ್ತವೆ.

ಎಲ್ಲರೂ ಕರೆಸಿಕೊಳ್ಳುವಂತೆಯೂ ಇಲ್ಲ. ಸೌದಿಯಲ್ಲಿ ಇಕಾಮಾದ ಮೇಲೆ ನಮೂದಾದ ವೃತ್ತಿಗೆ ಬಹಳ ಬೆಲೆ. ಕೈಯಲ್ಲಿ ಮಾಡುವ ಕೆಲಸ ಒಂದು, ಇಕಾಮಾದಲ್ಲಿರುವುದು ಇನ್ನೊಂದು ಎಂಬುದು ಅಲ್ಲಿ ಸಾಮಾನ್ಯ. ಹತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿ ದುಡಿದವನ ಕಾಗದದಲ್ಲಿ 'ಆಮಿಲ್', ಅಂದರೆ ಕೂಲಿ ಎಂದಿದ್ದರೆ ಸಂಸಾರದ ವೀಸಾದ ಆಸೆ ಬಿಡಬೇಕು. ನಮ್ಮ ಹುಮನಾಬಾದಿನ ಹೆಣ್ಣುಮಗಳ ಗಂಡನಿಗೆ ಈಗಷ್ಟೇ ಕಾಗದದಲ್ಲೂ 'ಟೆಕ್ನಿಷಿಯನ್' ಎಂದಾಗಿದೆಯಂತೆ. ಯುಎಇ ದೇಶ 2019ರಲ್ಲಿ ಈ ವೃತ್ತಿಪಟ್ಟಿಯನ್ನು ಕೈಬಿಟ್ಟು ಸಂಬಳವನ್ನಷ್ಟೇ ನೋಡುವ ನಿಯಮ ಮಾಡಿತು: ತಿಂಗಳಿಗೆ 4,000 ದಿರ್ಹಂ, ಇಲ್ಲವೇ 3,000 ದಿರ್ಹಂ ಮತ್ತು ಮನೆ. ಕುವೈತ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಕೆಲಕಾಲ ನಿಲ್ಲಿಸಿದ್ದ ಕುಟುಂಬ ವೀಸಾವನ್ನು 2024ರ ಜನವರಿಯಲ್ಲಿ ಮತ್ತೆ ತೆರೆದಾಗ ತಿಂಗಳಿಗೆ 800 ದಿನಾರ್ ಸಂಬಳದ ಜೊತೆಗೆ ಪದವಿಯನ್ನೂ ಕೇಳಿತು.

ಸೌದಿಯಲ್ಲಿ ಇದರ ಮೇಲೆ ತಲೆಗಂದಾಯ ಬೇರೆ. 2017ರ ಜುಲೈಯಲ್ಲಿ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ವರ್ಷಕ್ಕೆ 100ರಂತೆ ಏರುತ್ತ 2020ಕ್ಕೆ 400 ರಿಯಾಲ್ ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ರಿಯಾಲಿಗೆ 22 ರೂಪಾಯಿಯಂತೆ ಹಿಡಿದರೂ 3 ಲಕ್ಷ 16 ಸಾವಿರಕ್ಕೆ ಮೇಲೆ. ಬಾಡಿಗೆ, ಶಾಲೆಯ ಫೀಸು, ಊಟದ ಖರ್ಚು ಇದರಲ್ಲಿ ಸೇರಿಲ್ಲ; ಸಂಸಾರ ಜೊತೆಗಿರುವುದಕ್ಕಷ್ಟೇ ಈ ದುಡ್ಡು. ಶುಲ್ಕ ಬಂದ ಮೇಲೆ ಬಹಳಷ್ಟು ಭಾರತೀಯ ಸಂಸಾರಗಳು ಗಂಟುಮೂಟೆ ಕಟ್ಟಿ ಊರಿಗೆ ಮರಳಿದವು. ಗಂಡಸರು ಮತ್ತೆ ಬ್ಯಾಚುಲರ್ ಕೋಣೆ ಸೇರಿದರು. ಅನೇಕರು ಈಗ ಭೇಟಿ ವೀಸಾವನ್ನು ನೆಚ್ಚಿಕೊಂಡಿದ್ದಾರೆ. ಕೆಲವು ತಿಂಗಳು ಹೋಗಿ ಇದ್ದು ಬರುವುದು. ಮಗು ಶಾಲೆಗೆ ಹೋಗುವ ವಯಸ್ಸಿನದಾದರೆ ಈ ಉಪಾಯವೂ ಕೈಕೊಡುತ್ತದೆ.

ಇಷ್ಟೆಲ್ಲ ಆದ ಮೇಲೆ ಕಾಗದದ ಪರ್ವ. ನಿಜ ಹೇಳಬೇಕೆಂದರೆ, ಸಂಬಳದ ಲೆಕ್ಕಕ್ಕಿಂತ ಜನ ಬಳಲುವುದು ಇಲ್ಲಿಯೇ.

ಮದುವೆಯ ಸಾಕ್ಷಿ ನಮ್ಮಲ್ಲಿ ಕಾಗದವಲ್ಲ, ಊರು. ಹಂದರ ಹಾಕಿದ್ದನ್ನು ಕಂಡವರು, ಊಟ ಮಾಡಿದವರು, ಅಕ್ಕಿಕಾಳು ಹಾಕಿದವರು, ಖಾಜಿಯ ಎದುರು ಕೂತ ಇಬ್ಬರು ಗವಾಹಿಗಳು. ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು 2006ರ ಫೆಬ್ರುವರಿಯಲ್ಲಿ ಹೇಳಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1976ರ ವಿವಾಹ ನೋಂದಣಿ ಕಾಯ್ದೆ ಇದೆ. ಆದರೂ ವೀಸಾದ ಮಾತು ಬರುವ ತನಕ ಉಪನೋಂದಣಾಧಿಕಾರಿಗಳ ಕಚೇರಿಯ ಮೆಟ್ಟಿಲು ಹತ್ತುವವರು ಕಡಿಮೆ. ಹತ್ತಿದಾಗ ಲಗ್ನಪತ್ರಿಕೆ ಕೇಳುತ್ತಾರೆ. ಆರು ವರ್ಷದ ಹಿಂದಿನ ಲಗ್ನಪತ್ರಿಕೆಯನ್ನು ದೇವರ ಜಗುಲಿಯ ಹಿಂದೆ ಹುಡುಕಿದವರನ್ನು ನಾನು ಕಂಡಿದ್ದೇನೆ.

ಮುಸ್ಲಿಮರಿಗೆ ಖಾಜಿ ಕೊಡುವ ನಿಕಾಹ್‌ನಾಮೆ ಮೂಲ ದಾಖಲೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಉರ್ದುವಿನಲ್ಲಿರುತ್ತದೆ. ಪ್ರಮಾಣಿತ ಅನುವಾದ ಬೇಕು, ಮೇಲೆ ಸರ್ಕಾರಿ ಮೊಹರು ಬೇಕು. ಹೊರದೇಶಕ್ಕೆ ಹೋಗುವವರಿಗೆ ಅನುಕೂಲವಾಗಲೆಂದು ವಕ್ಫ್ ಮಂಡಳಿಯೇ ಮದುವೆಯ ಪ್ರಮಾಣಪತ್ರ ಕೊಡಬಹುದೆಂದು ರಾಜ್ಯ ಸರ್ಕಾರ 2023ರ ಆಗಸ್ಟಿನಲ್ಲಿ ಆದೇಶ ಹೊರಡಿಸಿತ್ತು. ವಕ್ಫ್ ಕಾನೂನು ಮಂಡಳಿಗೆ ಇಂಥ ಅಧಿಕಾರ ಕೊಟ್ಟಿಲ್ಲವೆಂಬ ತಕರಾರಿನ ಮೇಲೆ ಹೈಕೋರ್ಟು 2024ರ ನವೆಂಬರಿನಲ್ಲಿ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಪ್ರಮಾಣಪತ್ರವನ್ನು ನಂಬಿದ್ದವರು ಮತ್ತೆ ಉಪನೋಂದಣಿ ಕಚೇರಿಯ ದಾರಿ ಹಿಡಿಯಬೇಕಾಯಿತು.

ಮೊಹರಿನ ದಾರಿಯಲ್ಲಿ ಒಂದು ತಮಾಷೆಯಿದೆ. ಹುಮನಾಬಾದಿನಿಂದ ಹೈದರಾಬಾದ್ ಹೆದ್ದಾರಿಯ ಮೇಲೆ ಮೂರು ಗಂಟೆಯ ಹಾದಿ. ಬೆಂಗಳೂರು ಇಡೀ ರಾತ್ರಿಯ ಪ್ರಯಾಣ. ಆದರೆ ಕಾಗದ ಹುಟ್ಟಿದ್ದು ಕರ್ನಾಟಕದಲ್ಲಿ. ಹೀಗಾಗಿ ರಾಜ್ಯದ ದೃಢೀಕರಣ ಬೆಂಗಳೂರಿನದೇ ಆಗಬೇಕು. ಆಮೇಲೆ ವಿದೇಶಾಂಗ ಸಚಿವಾಲಯದ ಮೊಹರು. ಅದರಾಚೆ ಎರಡು ದಾರಿ. 'ಅಪಾಸ್ಟೀಲ್' ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶವಾದರೆ ಸಚಿವಾಲಯದ ಒಂದು ಚೀಟಿ ಸಾಕು, ಆ ದೇಶದ ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ. ಭಾರತದಲ್ಲಿ ಇದು 2005ರ ಜುಲೈಯಿಂದ ಜಾರಿಯಲ್ಲಿದೆ. ಸೌದಿಗೆ 2022ರ ಡಿಸೆಂಬರ್ 7ರಿಂದ ಅನ್ವಯವಾಗಿದೆ. ಒಮಾನ್, ಬಹ್ರೇನ್ ಮೊದಲೇ ಸೇರಿದ್ದವು. ಸೇರದ ದೇಶಗಳಿಗೆ ಹೋಗುವವರು ಹಳೆಯ ಹಾಗೆ ರಾಯಭಾರ ಕಚೇರಿಯ ಮೊಹರನ್ನೂ ಹಾಕಿಸಬೇಕು. ಒಂದೊಂದು ಮೊಹರಿಗೂ ಏಜೆಂಟರ ದರ ಬೇರೆ; ಸರ್ಕಾರಕ್ಕೆ ಕಟ್ಟುವ ಶುಲ್ಕ ಅದರಲ್ಲಿ ಚಿಲ್ಲರೆ ಭಾಗ ಎಂಬುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಲ್ಯಾಮಿನೇಷನ್ ಮಾಡಿದ ಕಾಗದಕ್ಕೆ ಯಾವ ಮೊಹರೂ ಇಲ್ಲ.

ಮಗುವಿನದು ಬೇರೆಯೇ ಪಾಡು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಏಕೆಂದರೆ ಆಸ್ಪತ್ರೆಯಲ್ಲಿ ಬರೆಸುವಾಗ ತೊಟ್ಟಿಲು ಶಾಸ್ತ್ರವಾಗಿರುವುದಿಲ್ಲ. ಆಮೇಲೆ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ, ಯಾರೂ ಸೇರಿಸಿರುವುದಿಲ್ಲ. ಜನನವನ್ನೇ ಬರೆಸದಿದ್ದರೆ, ಒಂದು ವರ್ಷ ದಾಟಿದ ಮೇಲೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ತಾಯಂದಿರ ಕಾಲದ್ದು ಇನ್ನೂ ಕಷ್ಟ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಎಂದು ಯಾರಾದರೂ ಎಣಿಸಬೇಕು. ಶಾಲೆಗೆ ಸೇರಿಸುವಾಗ ಮಾಸ್ತರರು ಲೆಕ್ಕ ಸರಿಹೋಗಲೆಂದು ಬರೆದ ತಾರೀಖು ಅದು. ಗುರುವಿನ ಆ ಕೃಪೆ ಎಸ್ಸೆಸ್ಸೆಲ್ಸಿ ಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ನಡೆದುಬಂದು, ಮೂವತ್ತು ವರ್ಷದ ನಂತರ ಪಂಚಾಯಿತಿಯ ಜನನ ರಿಜಿಸ್ಟರಿನ ಜೊತೆ ಜಗಳ ತೆಗೆಯುತ್ತದೆ.

ಹೆಸರುಗಳ ಗೊಂದಲಕ್ಕಂತೂ ಕೊನೆಯಿಲ್ಲ. ನಿಕಾಹ್‌ನಾಮೆಯಲ್ಲಿ 'ಬೀ', ಆಧಾರದಲ್ಲಿ 'ಬೇಗಂ'. ತವರಿನಲ್ಲಿ 'ಬಾಯಿ', ಗಂಡನ ಮನೆಯಲ್ಲಿ 'ದೇವಿ'. 'ಮೊಹಮ್ಮದ್' ಎಂಬುದು ಒಂದು ಕಾಗದದಲ್ಲಿ ಪೂರ್ತಿ, ಇನ್ನೊಂದರಲ್ಲಿ 'ಎಂಡಿ'. ಊರಿನ ಹೆಸರೂ ಹಾಗೆಯೇ: ಹಳೆಯ ಕಾಗದದಲ್ಲಿ ಕಲ್ಯಾಣಿ, ಹೊಸದರಲ್ಲಿ ಬಸವಕಲ್ಯಾಣ. ನಮಗೆ ಇವೆಲ್ಲ ಒಂದೇ. ಕಂಪ್ಯೂಟರಿಗೆ ಒಂದೊಂದೂ ಬೇರೆ ಮನುಷ್ಯ. ಹೀಗಾಗಿ ತಿಳಿದವರು ಕೊಡುವ ಸಲಹೆ ಸರಳ: ಗಂಡ, ಹೆಂಡತಿ, ಮಗು ಮೂವರ ಪಾಸ್‌ಪೋರ್ಟಿನ ಅಕ್ಷರಗಳನ್ನು ಮೊದಲು ಎದುರಿಗಿಟ್ಟುಕೊಳ್ಳಿ, ಉಳಿದ ಎಲ್ಲ ಕಾಗದಗಳನ್ನೂ ಅದಕ್ಕೆ ಹೊಂದಿಸಿ, ಆಮೇಲೆ ಮೊಹರಿಗೆ ಕಳಿಸಿ.

ಅಮೆರಿಕದ ಲೆಕ್ಕ ಬೇರೆ ಜಾತಿಯದು. ಅಲ್ಲಿ ಮೊದಲು ಕೇಳಬೇಕಾದ್ದು ಗಂಡನ ದರ್ಜೆ. ಎಚ್-1ಬಿ ನೌಕರಿಯವನಾದರೆ ಹೆಂಡತಿ, 21 ವರ್ಷದೊಳಗಿನ ಮಕ್ಕಳು ಎಚ್-4 ವೀಸಾದಲ್ಲಿ ಜೊತೆಗೇ ಹೋಗಬಹುದು. ಅದು ವಲಸೆಯಲ್ಲ, ತಾತ್ಕಾಲಿಕ ವಾಸ. ಇಲ್ಲಿ ಇಂಜಿನಿಯರ್ ಆಗಿದ್ದ ಹೆಂಡತಿ ಅಲ್ಲಿ ಹೋಗಿ ಮನೆಯಲ್ಲೇ ಕೂರಬೇಕಿತ್ತು. 2015ರ ಮೇ ತಿಂಗಳಿನಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಅವಳಿಗೂ ಕೆಲಸದ ಪರವಾನಗಿ ಸಿಗುವಂತಾಯಿತು. ಗಂಡ ಅಮೆರಿಕದ ಪೌರನಾಗಿದ್ದರೆ ಹೆಂಡತಿಗೆ, 21ರೊಳಗಿನ ಮಕ್ಕಳಿಗೆ ಸಂಖ್ಯೆಯ ಮಿತಿಯಿಲ್ಲ. ಕಚೇರಿಯ ವಿಳಂಬ ಮಾತ್ರ. ಬರೀ ಗ್ರೀನ್ ಕಾರ್ಡ್ ಇದ್ದವನಾದರೆ 'ಎಫ್2ಎ' ಎಂಬ ಸಾಲಿನಲ್ಲಿ ನಿಲ್ಲಬೇಕು. ಈ ಸಾಲು ಕೆಲವು ವರ್ಷ ಬೇಗ ಸರಿಯುತ್ತದೆ, ಕೆಲವು ವರ್ಷ ನಿಂತೇಬಿಡುತ್ತದೆ. ಸಾಲಿನಲ್ಲಿ ನಿಂತಿರುವಾಗಲೇ ಮಗಳಿಗೆ 21 ತುಂಬಿದರೆ ಅವಳು ಇನ್ನೂ ಉದ್ದದ ಬೇರೆ ಸಾಲಿಗೆ ಬೀಳುತ್ತಾಳೆ. ಸರ್ಕಾರದ ವಿಳಂಬಕ್ಕೆ ಮಕ್ಕಳು ದಂಡ ತೆರಬಾರದೆಂದು 2002ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯ್ದೆ ಮಾಡಿ, ಅರ್ಜಿ ಪರಿಶೀಲನೆಯಲ್ಲಿ ಕಳೆದ ಕಾಲವನ್ನು ವಯಸ್ಸಿನಿಂದ ಕಳೆಯುವ ವ್ಯವಸ್ಥೆ ತಂದಿತು. ಎಲ್ಲರನ್ನೂ ಅದು ಉಳಿಸುವುದಿಲ್ಲ.

ಇನ್ನು ಜಾಮೀನು ಪತ್ರ. ಐ-864 ಎಂಬ ಆ ನಮೂನೆಗೆ ಸಹಿ ಹಾಕುವ ಗಂಡ ತನ್ನ ಆದಾಯ ಅಲ್ಲಿನ ಬಡತನದ ರೇಖೆಯ ಶೇ 125ಕ್ಕಿಂತ ಕಡಿಮೆಯಿಲ್ಲವೆಂದು ತೋರಿಸಬೇಕು. ಆ ಹೊಣೆ, ಬಂದವರು ಪೌರರಾಗುವವರೆಗೆ ಅಥವಾ ಸುಮಾರು ಹತ್ತು ವರ್ಷದಷ್ಟು ದುಡಿಮೆ ಲೆಕ್ಕಕ್ಕೆ ಬರುವವರೆಗೆ ಇಳಿಯುವುದಿಲ್ಲ. ವಿಚ್ಛೇದನವಾದರೂ ಇಳಿಯುವುದಿಲ್ಲ! ಮದುವೆ ಮುರಿದರೂ ಮುರಿಯದ ಕರಾರು ಇದೊಂದೇ ಇರಬೇಕು. ಕೆನಡಾದಲ್ಲಿ ಹೆಂಡತಿಯ ವಿಷಯದಲ್ಲಿ ಈ ಹೊಣೆ ಮೂರು ವರ್ಷ. ಬ್ರಿಟನ್ನಿನಲ್ಲಿ ಆದಾಯದ ಮಿತಿಯೇ ದೊಡ್ಡ ಗೋಡೆ. 2012ರಲ್ಲಿ ವರ್ಷಕ್ಕೆ 18,600 ಪೌಂಡ್ ಇದ್ದದ್ದನ್ನು 2024ರ ಏಪ್ರಿಲಿನಲ್ಲಿ 29,000ಕ್ಕೆ ಏರಿಸಿದರು.

ಭಾರತೀಯರ ವಲಸೆ ವೀಸಾದ ಸಂದರ್ಶನ ಮುಂಬೈಯಲ್ಲಿ. ಸೊಲ್ಲಾಪುರ, ಪುಣೆ ದಾಟಿ ರಾತ್ರಿ ಬಸ್ಸಿನಲ್ಲಿ ಹೋಗಿ ನಿಂತ ನಮ್ಮ ಕಡೆಯ ಹೊಸ ಮದುವಣಗಿತ್ತಿಯನ್ನು ಕಲ್ಪಿಸಿಕೊಳ್ಳಿ. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂದು ಬೆಳೆದವಳು. ಹೇಳಲೇಬೇಕಾದಾಗ ನಾಲ್ಕು ಜನರ ನಡುವೆ ಒಡಪು ಕಟ್ಟಿ ಹೇಳಿದವಳು. ಇಲ್ಲಿ ಗಾಜಿನ ಆಚೆ ಕುಳಿತವರಿಗೆ ಅವನ ಪೂರ್ಣ ಹೆಸರು, ಹುಟ್ಟಿದ ತಾರೀಖು, ಕಂಪನಿ, ಸಂಬಳ, ಮೊದಲ ಸಲ ನೋಡಿದ್ದು ಎಲ್ಲಿ ಎಂಬುದನ್ನೆಲ್ಲ ಗಟ್ಟಿಯಾಗಿ ಹೇಳಬೇಕು. ಮದುವೆಯ ಫೋಟೋ, ಫೋನು ಕರೆಗಳ ದಾಖಲೆ, ಅವನು ಕಳಿಸಿದ ಹಣದ ರಸೀದಿ ತೋರಿಸಬೇಕು. ಹಿರಿಯರು ಕೂಡಿಸಿದ ಮದುವೆ ಎಂದರೆ ಅಧಿಕಾರಿಗಳಿಗೆ ಅರ್ಥವಾಗುವುದಿಲ್ಲವೆಂಬ ಭಯ ಬೇಡ. ದಿನವೂ ಅದನ್ನೇ ಕೇಳುವವರು ಅವರು. ಕಂಠಪಾಠ ಮಾಡಿ ಬಂದ ಉತ್ತರಕ್ಕೆ ಸಂಶಯ ಹೆಚ್ಚು.

ನಮ್ಮಲ್ಲಿ ಸಹಜವಾದ ಕೆಲವು ಸಂಬಂಧಗಳು ಮಾತ್ರ ಅಲ್ಲಿ ಎಡವುತ್ತವೆ. ಅಕ್ಕನ ಮಗಳನ್ನು ತರುವುದು ಕರ್ನಾಟಕದ ರೂಢಿ; ರೂಢಿಯಿದ್ದಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯೂ ಒಪ್ಪುತ್ತದೆ. ಬ್ರಿಟನ್ನಿನಲ್ಲಿ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸೋದರಮಾವ–ಸೊಸೆಯ ಮದುವೆ ನಿಷಿದ್ಧ. ನಡೆದ ಊರಿನ ಕಾನೂನಿಗೆ ಸರಿಯಾದ ಮದುವೆಯನ್ನು ಅಮೆರಿಕದ ವಲಸೆ ಇಲಾಖೆ ಸಾಮಾನ್ಯವಾಗಿ ಒಪ್ಪಿದರೂ, ಹೋಗಿ ನೆಲೆಸುವ ರಾಜ್ಯ ಯಾವುದೆಂದು ನೋಡಿ ತಕರಾರು ತೆಗೆಯುವ ಅವಕಾಶ ಇದ್ದೇ ಇದೆ. ಎರಡನೆಯ ಹೆಂಡತಿಗೆ ಸೌದಿಯಲ್ಲಿ ಜಾಗವುಂಟು, ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಇಲ್ಲ. ಮಕ್ಕಳಿಲ್ಲದ ಅಣ್ಣನಿಗೆ ತಮ್ಮನ ಮಗುವನ್ನು ಉಡಿಗೆ ಹಾಕಿ ಕೊಟ್ಟದ್ದು ಇಡೀ ಓಣಿಗೆ ಗೊತ್ತಿದ್ದರೂ ದತ್ತಕದ ಕಾಗದವಿಲ್ಲದೆ ಯಾವ ದೇಶವೂ ಆ ಮಗುವನ್ನು ಅಣ್ಣನ ಮಗು ಎನ್ನುವುದಿಲ್ಲ.

ಜಾಮೀನು ನಿಂತವನೇ ಕೈಬಿಟ್ಟರೆ? ಈ ಪ್ರಶ್ನೆಯನ್ನು ಮದುವೆಯ ಸಡಗರದಲ್ಲಿ ಯಾರೂ ಕೇಳುವುದಿಲ್ಲ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅಮೆರಿಕಕ್ಕೆ ಹೋದ ಹೆಂಡತಿಗೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಷರತ್ತು ತೆಗೆಸಲು ಸಾಮಾನ್ಯವಾಗಿ ಗಂಡ, ಹೆಂಡತಿ ಇಬ್ಬರೂ ಸಹಿ ಹಾಕಬೇಕು. ಹೊಡೆಯುವ ಗಂಡನ ಕೈಯಲ್ಲಿ ಇದು ಒಳ್ಳೆಯ ಲಗಾಮು. 1994ರ ಒಂದು ಕಾಯ್ದೆಯಿಂದ, ಪೌರ ಅಥವಾ ಗ್ರೀನ್ ಕಾರ್ಡ್ ಇರುವ ಗಂಡನಿಂದ ಹಿಂಸೆಗೊಳಗಾದ ಹೆಂಡತಿ ಅವನ ಸಹಿಯಿಲ್ಲದೆ ತಾನೇ ಅರ್ಜಿ ಹಾಕಬಹುದು. ಮದುವೆಯಾಗಿ, ಹೊನ್ನು ಹಣ ತೆಗೆದುಕೊಂಡು, ವೀಸಾ ಕಳಿಸುತ್ತೇನೆಂದು ಹೇಳಿ ಕಣ್ಮರೆಯಾದ ಗಂಡಂದಿರಿಗಾಗಿ ಇಲ್ಲಿಯೂ ಕಾನೂನು ಬೇಕೆಂದು, ಅನಿವಾಸಿ ಭಾರತೀಯರು ಮದುವೆಯಾದ 30 ದಿನದೊಳಗೆ ನೋಂದಾಯಿಸುವುದನ್ನು ಕಡ್ಡಾಯ ಮಾಡುವ ಮಸೂದೆಯೊಂದು 2019ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಕಾನೂನಾಗಲಿಲ್ಲ. ನೋಂದಣಿ ಮಾಡಿಸದೆ ವಿಮಾನ ಹತ್ತಲು ಆತುರಪಡುವ ಅಳಿಯನನ್ನು ಎರಡು ದಿನ ನಿಲ್ಲಿಸಿಕೊಂಡು ಉಪನೋಂದಣಿ ಕಚೇರಿಗೆ ಕರೆದೊಯ್ಯುವುದು ಸದ್ಯಕ್ಕೆ ಬೀಗರ ಕೈಯಲ್ಲೇ ಇರುವ ಉಪಾಯ.

ಹುಮನಾಬಾದಿನ ಅಂಗಡಿಯವರು ಬ್ಲೇಡು ತೆಗೆದು ಪ್ಲಾಸ್ಟಿಕ್ಕಿನ ಒಂದು ಮೂಲೆ ಬಿಡಿಸಿ ನೋಡಿದರು. ಕಾಗದದ ಮೇಲ್ಪದರ, ಖಾಜಿಯ ಸಹಿಯ ತುದಿಯ ಸಮೇತ, ಅದರ ಜೊತೆಗೇ ಎದ್ದು ಬರುತ್ತಿತ್ತು. ನಿಲ್ಲಿಸಿದರು. "ಖಾಜಿ ಸಾಹೇಬ್ರ ಬುಕ್ಕಿನ್ಯಾಗ ಇನ್ನೊಂದು ಕಾಪಿ ಇರ್ತದ್ರಿ. ಅದರ ನಕಲ ಬರಸ್ಕೊಂಡು ಬರ್ರಿ. ಇದನ್ನ ಮನ್ಯಾಗ ಇಡ್ರಿ" ಎಂದರು. ಮದುವೆ ಆದದ್ದು ಬಸವಕಲ್ಯಾಣದಲ್ಲಿ. ಸುಮಾರು 30 ಕಿಲೋಮೀಟರ್. ಆವತ್ತು ಗುರುವಾರ. ಮರುದಿನ ಶುಕ್ರವಾರ, ನಮಾಜಿನ ಹೊತ್ತಿಗೆ ಖಾಜಿಯವರು ಖಂಡಿತ ಸಿಗುತ್ತಾರೆ ಎಂದು ಅತ್ತೆ ಲೆಕ್ಕ ಹಾಕಿದರು. ಹುಡುಗ ಅಷ್ಟರಲ್ಲಿ ಫೋನು ಹಚ್ಚಿಬಿಟ್ಟಿದ್ದ. ಆ ಕಡೆಯಿಂದ ಗಂಡಸಿನ ದನಿ ಹಲೋ, ಹಲೋ ಎನ್ನುತ್ತಿತ್ತು.